ರೈನ್‌ಕೋಟಿನೊಳಗಿನ ಸಂಜೀವಣ್ಣ

ಮೊನ್ನೆ ಉಡುಪಿಯ ಒಂದು ಅಂಗಡಿಯ ಮುಂದೆ ತೂಗುಹಾಕಿದ್ದ ರೈನ್‌ಕೋಟಿಗೆ ನಾನು ಇನ್ನೇನು ನಮಸ್ಕಾರ ಮಾಡುವುದರಲ್ಲಿದ್ದೆ. ಮೇ ತಿಂಗಳ ಕೊನೆ. ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳವರು ಕೊಡೆ, ಟಾರ್ಪಾಲು, ಪ್ಲಾಸ್ಟಿಕ್ ಚಪ್ಪಲಿಗಳನ್ನು ಹೊರಗೆ ತಂದು ಜೋಡಿಸಿದ್ದರು. ಬಿಸಿಲಿಗೆ ಕಾದ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತಿದರೆ ಕಪ್ಪು ರೈನ್‌ಕೋಟೊಂದು ಟೊಪ್ಪಿ ಸಮೇತ ಹ್ಯಾಂಗರಿನಲ್ಲಿ ನಿಂತಿತ್ತು. ಗಾಳಿಗೆ ತುಸು ತಿರುಗಿ ನನ್ನ ಕಡೆಗೆ ನೋಡಿತು. ನನ್ನ ಬಾಯಿ ತನ್ನಷ್ಟಕ್ಕೆ ‘ಸಂಜೀವಣ್ಣ’ ಎಂದಿತು.

ಅಂಗಡಿಯವರು ಹತ್ತಿರ ಬಂದರು. “ರೈನ್‌ಕೋಟಾ ಮೇಡಂ? ಗಂಡಸರಿಗಾ, ಹೆಂಗಸರಿಗಾ?”

ನೋಡಿ, ಎಷ್ಟು ಸುಲಭದ ಪ್ರಶ್ನೆ. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಸುಮ್ಮನೆ ನಕ್ಕು ಮುಂದೆ ಹೋದೆ. ನೀವು ನನ್ನ ಜೊತೆ ಸ್ವಲ್ಪ ದೂರ ಬರುವುದಾದರೆ, ಯಾಕೆ ಹೊಳೆಯಲಿಲ್ಲ ಎಂದು ಹೇಳುತ್ತೇನೆ. ಒಂದು ಎಚ್ಚರಿಕೆ: ಇಲ್ಲಿ ಬರುವ ಮಾತುಗಳಲ್ಲಿ ಹೆಚ್ಚಿನವು ತುಳುವಿನಲ್ಲಿ ಆಡಿದವು. ಕನ್ನಡಕ್ಕೆ ತಂದವಳು ನಾನು. ನನ್ನ ಅನುವಾದವನ್ನು ಎಷ್ಟು ನಂಬಬಹುದು ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಊರು ಕಾಪುವಿನಿಂದ ಒಳಗೆ, ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿದೆ. ಊರು ಎಂದರೆ ಒಂದು ಗುಡ್ಡ. ಬುಡದಲ್ಲಿ ಪಂಚಾಯತಿನ ಬಾವಿ ಮತ್ತು ಪಂಪಿನ ಶೆಡ್ಡು. ಅಲ್ಲಿಂದ ನೀರು ಗುಡ್ಡ ಹತ್ತಬೇಕು. ಕೆಳಗಿನ ಮನೆಗಳ ವಾಲ್ವನ್ನು ಮುಚ್ಚದೆ ಮೇಲಿನ ಮನೆಗಳಿಗೆ ನೀರು ಹತ್ತುವುದಿಲ್ಲ. ಹಾಗಾಗಿ ನೀರು ಬಿಡುವವರು ದಿನಾ ಬೆಳಗ್ಗೆ ಅರ್ಧ ಊರಿನ ಕೋಪವನ್ನು ಕಟ್ಟಿಕೊಂಡೇ ಇನ್ನರ್ಧ ಊರಿನ ಹಂಡೆ ತುಂಬಿಸಬೇಕು. ಆ ಕೆಲಸ ಸಂಜೀವಣ್ಣನದು. ಖಾಕಿ ಶರ್ಟು, ತಲೆಗೊಂದು ಟೊಪ್ಪಿ, ಮಳೆಗಾಲಕ್ಕೆ ಮೊಣಕಾಲು ದಾಟುವ ಕಪ್ಪು ರೈನ್‌ಕೋಟು. ಮೆತ್ತಗಿನ ಮನುಷ್ಯ. ಕೆಳಗಿನವರು ಬೈದರೆ ಕೇಳಿಸಿಕೊಳ್ಳುತ್ತಿದ್ದರು, ಮೇಲಿನವರು ಬೈದರೂ ಕೇಳಿಸಿಕೊಳ್ಳುತ್ತಿದ್ದರು.

ಒಂದು ಮಳೆಗಾಲದ ಆರಂಭದಲ್ಲಿ ಅವರಿಗೆ ದೇಹದ ಒಂದು ಬದಿ ಬಿದ್ದುಹೋಯಿತು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬಂದರು. ಆದರೆ ಹಾಸಿಗೆಯಿಂದ ಏಳಲಿಲ್ಲ. ಮರುದಿನವೂ ಊರಿಗೆ ನೀರು ಬಂತು. ಅದರ ಮರುದಿನವೂ ಬಂತು.

ಬಿಟ್ಟವರು ಅವರ ಹೆಂಡತಿ ಬೇಬಕ್ಕ. ಜಡಿಮಳೆ. ಮನೆಯ ಮೊಳೆಯಲ್ಲಿ ಗಂಡನ ರೈನ್‌ಕೋಟು ನೇತಾಡುತ್ತಿತ್ತು, ಹಾಕಿಕೊಂಡು ಹೊರಟರು, ಅಷ್ಟೆ. ವೇಷ ಹಾಕುವ ಉದ್ದೇಶ ಅವರಿಗೆ ಇದ್ದಿರಲಿಕ್ಕಿಲ್ಲ. ಆದರೆ ಮಬ್ಬು ಬೆಳಕಿನಲ್ಲಿ ಯಾರೋ ಅಂಗಳದಿಂದ “ಸಂಜೀವಣ್ಣ, ಹುಷಾರಾದ್ರಾ?” ಎಂದು ಕೂಗಿದರು. ಕೋಟಿನೊಳಗಿಂದ “ಓ” ಎಂಬ ಉತ್ತರ ಬಂತು.

ಆ ‘ಓ’ ಎಂಬಲ್ಲಿಂದ ಊರಿಗೊಂದು ಪದ್ಧತಿ ಶುರುವಾಯಿತು. ಕೂಗಿದವರಿಗೆ ಎರಡೇ ದಿನದಲ್ಲಿ ಸತ್ಯ ಗೊತ್ತಾಗಿರಬೇಕು. ಬೇಬಕ್ಕನ ಗಂಟಲು ಆ ಗುಡ್ಡದಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಯಾರೂ ಬಾಯಿ ಬಿಡಲಿಲ್ಲ. ಸಂಜೀವಣ್ಣನಿಗೆ ಆಗುವುದಿಲ್ಲ ಎಂದು ಪಂಚಾಯತಿಗೆ ಅಧಿಕೃತವಾಗಿ ತಿಳಿದರೆ ಕೆಲಸ ಹೋಗುತ್ತದೆ. ತಿಳಿಯದಿದ್ದರೆ ಉಳಿಯುತ್ತದೆ. ಹಾಗಾಗಿ ಕೋಟು ಮೈಮೇಲಿದ್ದಷ್ಟು ಹೊತ್ತು ಅವರು ಸಂಜೀವಣ್ಣ, ಕೋಟು ಕಳಚಿದರೆ ಬೇಬಕ್ಕ. ಮಳೆ ನಿಂತ ಮೇಲೆ ಖಾಕಿ ಶರ್ಟು ಮತ್ತು ಟೊಪ್ಪಿ ಆ ಕೆಲಸವನ್ನು ವಹಿಸಿಕೊಂಡವು. ಬೆಳಗ್ಗೆ ವಾಲ್ವಿನ ಹತ್ತಿರ “ಸಂಜೀವಣ್ಣ, ನಿನ್ನೆ ಬೇಗ ನಿಲ್ಲಿಸಿದ್ದು ಯಾಕೆ?” ಎಂದು ಜಗಳ. ಅದೇ ಇಬ್ಬರು ಸಂಜೆ ರೇಷನ್ ಅಂಗಡಿಯಲ್ಲಿ ಎದುರಾದರೆ ಮಾತು ಹೀಗೆ ಮುಂದುವರಿಯುತ್ತಿತ್ತು:

“ಬೇಬಕ್ಕ, ನಿಮ್ಮ ಯಜಮಾನರಿಗೆ ಇತ್ತೀಚೆಗೆ ಬಾಯಿ ಜೋರಾಗಿದೆ ಮಾರಾಯ್ರೆ.”

“ಹೌದಾ? ಮನೆಯಲ್ಲಿ ಪಾಪ ಮಾತೇ ಇಲ್ಲ. ಹೇಳ್ತೇನೆ ಅವರಿಗೆ.”

ಯಾರೂ ನಗುತ್ತಿರಲಿಲ್ಲ. ನಕ್ಕರೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಆಗ ಊರಿನ ಹೈಸ್ಕೂಲಿನಲ್ಲಿ ತಾತ್ಕಾಲಿಕ ಟೀಚರ್. ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕು ಎಂದು ಕಲಿಸಿ, ಬೆಳಗ್ಗೆ ಗೇಟಿನ ಬಳಿ ಬೇಬಕ್ಕನಿಗೆ “ನಮಸ್ಕಾರ ಸಂಜೀವಣ್ಣ” ಎನ್ನುತ್ತಿದ್ದೆ. ಅಭ್ಯಾಸ ಎಂಥದ್ದು ನೋಡಿ, ಒಮ್ಮೊಮ್ಮೆ ನನಗೆ ನಿಜವಾಗಿಯೂ ಸಂಜೀವಣ್ಣನೇ ಕಾಣುತ್ತಿದ್ದರು. ಈಗ ನೆನಪಿಸಿಕೊಂಡರೂ ಆ ಬೆಳಗ್ಗೆಗಳಲ್ಲಿ ಕೋಟಿನ ಮೇಲೆ ಯಾರ ಮುಖವಿತ್ತು ಎಂದು ಹೇಳಲಾರೆ. ಹಾಗಿರುವಾಗ ಉಳಿದದ್ದನ್ನು ಹೇಗೆ ಹೇಳುತ್ತೀ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಬೇಬಕ್ಕನನ್ನು ದೇವತೆ ಮಾಡಲು ನಾನು ಹೊರಟಿಲ್ಲ. ಅವರಿಗೆ ಸಿಟ್ಟು ಹೆಚ್ಚು, ಪಕ್ಷಪಾತವೂ ಇತ್ತು. ಕುಡಿಯುವ ನೀರಿನಲ್ಲಿ ಬೈಕು ತೊಳೆಯುವುದು ಕಂಡರೆ ಆ ಮನೆಯ ಇಡೀ ಸಾಲಿನ ವಾಲ್ವನ್ನೇ ಮುಚ್ಚಿ ಹೋಗುತ್ತಿದ್ದರು. ತೊಳೆದವನ ಜೊತೆ ತೊಳೆಯದ ನಾವೂ ಕೊಡ ಹಿಡಿದು ನಿಲ್ಲಬೇಕು. ಗುಡ್ಡದ ತುದಿಯ ಮನೆಯ ಲಿಲ್ಲಿ ಬಾಯಿಗೂ ಅವರಿಗೂ ಒಂದು ಹಳೆಯ ಜಗಳ. ತುದಿಮನೆಗೆ ನೀರು ಕೊನೆಗೆ ಬರುತ್ತದೆ, ಮೊದಲು ನಿಲ್ಲುತ್ತದೆ. ಅದು ಬೇಬಕ್ಕ ಬೇಕೆಂದೇ ಮಾಡುವುದು ಎಂದು ಲಿಲ್ಲಿ ಬಾಯಿಯ ದೃಢವಾದ ನಂಬಿಕೆ. ಒಬ್ಬರು ತುಳುವಿನಲ್ಲಿ, ಒಬ್ಬರು ಕೊಂಕಣಿಯಲ್ಲಿ ಬೈದುಕೊಳ್ಳುತ್ತಿದ್ದರು. ಆಮೇಲೆ ಅದೂ ನಿಂತು, ಮಾತೇ ಇಲ್ಲದ ಸ್ಥಿತಿಗೆ ಬಂದಿತ್ತು.

ಎರಡನೆಯ ಮಳೆಗಾಲ ಮುಗಿಯುವಾಗ ಸಂಜೀವಣ್ಣ ತೀರಿಕೊಂಡರು. ಊರೆಲ್ಲ ಹೋಗಿ ಬಂದಿತು. ಅತ್ತದ್ದೂ ನಿಜ. ಆದರೆ ಹಿಂದಿರುಗುವ ದಾರಿಯಲ್ಲಿ ಎಲ್ಲರ ತಲೆಯಲ್ಲೂ ಒಂದೇ ವಿಚಾರ ಇತ್ತು. ತೀರಿಕೊಂಡ ಮನುಷ್ಯ ನಾಳೆ ನೀರು ಬಿಡುವಂತಿಲ್ಲ. ಕೋಟನ್ನು ಇನ್ನು ಯಾರೂ ಹಾಕಿಕೊಳ್ಳುವಂತಿಲ್ಲ.

ಪಂಚಾಯತಿನವರು ಐಟಿಐ ಓದಿದ ಒಬ್ಬ ಯುವಕನನ್ನು ತಾತ್ಕಾಲಿಕವಾಗಿ ಹಾಕಿದರು. ಒಳ್ಳೆಯವನೇ, ನಿದ್ದೆ ಸ್ವಲ್ಪ ಹೆಚ್ಚು. ಗುಡ್ಡದ ತುದಿಗೆ ನೀರು ಹತ್ತಲೇ ಇಲ್ಲ. ಕಾಯಂ ಆಗಿ ಯಾರು ಎಂಬುದನ್ನು ಗ್ರಾಮಸಭೆಯಲ್ಲಿ ಮಾತನಾಡಿ ತೀರ್ಮಾನಿಸುವುದು ಎಂದಾಯಿತು. ಬೇಬಕ್ಕನಿಗೆ ಆ ಕೆಲಸ ಬೇಕಿತ್ತು. ಬೇರೆ ದಾರಿ ಇರಲಿಲ್ಲ ಎಂಬುದು ಒಂದು ಕಾರಣ. ಆ ಕೆಲಸ ತನ್ನದು ಎಂಬುದು ಇನ್ನೊಂದು. ಆದರೆ ತೊಡಕು ಎಲ್ಲಿತ್ತು ನೋಡಿ: ಕೆಲಸ ಬರುತ್ತದೆ ಎನ್ನಲು ಅವರ ಹತ್ತಿರ ಇದ್ದ ಒಂದೇ ಆಧಾರ ಆ ಎರಡು ಮಳೆಗಾಲ. ಅದನ್ನು ಹೇಳಿದರೆ ಇಷ್ಟು ದಿನ ನಡೆದದ್ದೆಲ್ಲ ಬಯಲಾಗುತ್ತದೆ, ವಿಚಾರಣೆ ಬರುತ್ತದೆ, ಕೆಲಸ ದೂರವೇ ಉಳಿಯುತ್ತದೆ. ಹೇಳದಿದ್ದರೆ ಅವರು ಗಂಡನನ್ನು ಕಳೆದುಕೊಂಡ, ಏನೂ ಅನುಭವವಿಲ್ಲದ ಒಬ್ಬ ಹೆಂಗಸು.

ನಮ್ಮ ಕಡೆಯ ಗ್ರಾಮಸಭೆಯನ್ನು ನೀವು ನೋಡಿರದಿದ್ದರೆ ಒಂದು ಮಾತು ಹೇಳಬೇಕು. ಮೈಕ್ ಆನ್ ಆಗುವವರೆಗೆ ಸಭೆ ತುಳುವಿನಲ್ಲಿ ನಡೆಯುತ್ತದೆ. ಅಲ್ಲಿ ಬೈಗುಳ ಉಂಟು, ನಗು ಉಂಟು, ಮನೆಯ ಸುದ್ದಿಯೂ ಉಂಟು. ಮೈಕ್ ಆನ್ ಆದದ್ದೇ ಎಲ್ಲರೂ ಇಸ್ತ್ರಿ ಹಾಕಿದ ಕನ್ನಡಕ್ಕೆ ಬರುತ್ತಾರೆ. ಈಗಷ್ಟೇ “ನೀನು ಸುಮ್ಮನಿರು ಮಾರಾಯ” ಎಂದವನು “ಮಾನ್ಯ ಅಧ್ಯಕ್ಷರ ಗಮನಕ್ಕೆ ತರಬಯಸುವುದೇನೆಂದರೆ” ಎನ್ನುತ್ತಾನೆ. ತುಳುವಿನಲ್ಲಿ ಹೇಳಿದ್ದು ಊರಿನೊಳಗೇ ಉಳಿಯುತ್ತದೆ, ಕನ್ನಡದಲ್ಲಿ ಹೇಳಿದ್ದು ಸರಕಾರಕ್ಕೆ ತಲುಪುತ್ತದೆ. ಹೀಗೆಂದು ಯಾರೂ ನಮಗೆ ಕಲಿಸಿದ್ದಲ್ಲ.

ಮೈಕಿಗೆ ಮೊದಲಿನ ಮಾತು ನನಗೆ ಚೆನ್ನಾಗಿ ನೆನಪಿದೆ. ಪಂಚಾಯತ್ ಅಧ್ಯಕ್ಷರು ನಿಜಕ್ಕೂ ಕಾಳಜಿಯಿಂದಲೇ ಹೇಳಿದರು: “ಬೇಬಕ್ಕ, ನನಗೆ ನಿಮ್ಮ ಮೇಲೆ ಎಂತ ದ್ವೇಷ ಉಂಟಾ? ಮಳೆಗಾಲದ ಬೆಳಗ್ಗೆ ಆ ಶೆಡ್ಡಿಗೆ ಹೋಗುದು ಹೆಂಗಸರಿಂದ ಆಗುವ ಕೆಲಸವಾ? ಅಲ್ಲಿ ಹಾವು ಉಂಟು.”

“ಆ ಹಾವಿಗೆ ನನ್ನ ಪರಿಚಯ ಉಂಟು,” ಎಂದರು ಬೇಬಕ್ಕ.

ಅಷ್ಟರಲ್ಲಿ ಸಭೆ ನಡೆಸಲು ಸರಕಾರ ಕಳಿಸಿದ ನೋಡಲ್ ಅಧಿಕಾರಿ ಬಂದರು. ಪಶುಸಂಗೋಪನಾ ಇಲಾಖೆಯವರು, ಮಂಡ್ಯದ ಕಡೆಯವರು, ತುಳು ಬಾರದು. ಮೈಕ್ ಆನ್ ಆಯಿತು. ಬೇಬಕ್ಕನ ಸರದಿ ಬಂದಾಗ ಅವರು ಎದ್ದು ತುಳುವಿನಲ್ಲೇ ಶುರುಮಾಡಿದರು. ಅಧಿಕಾರಿ ಕೈ ಎತ್ತಿ, “ಕನ್ನಡದಲ್ಲಿ ಹೇಳಮ್ಮ,” ಎಂದರು. ಬೇಬಕ್ಕ ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಸುತ್ತ ನೋಡಿದರು. ಮೂರನೆಯ ಸಾಲಿನಲ್ಲಿ ನಾನು. “ಟೀಚರ್ ಇದ್ದಾರಲ್ಲ. ಟೀಚರೇ, ಸ್ವಲ್ಪ ಕನ್ನಡ ಮಾಡಿ ಹೇಳಿ.”

ಎದ್ದು ಹೋಗಿ ಮೈಕ್ ಹಿಡಿದು ಪಕ್ಕದಲ್ಲಿ ನಿಂತೆ. ಬೇಬಕ್ಕ ತುಳುವಿನಲ್ಲಿ ಹೇಳಿದ್ದು ಇದು: “ಎರಡು ಮಳೆಗಾಲ ನಾನು ಬಿಟ್ಟ ನೀರಿನಲ್ಲಿ ಮಿಂದವರು ಇವರು. ಇವರ ತಲೆ ಇನ್ನೂ ಒಣಗಿರ್ಲಿಕ್ಕಿಲ್ಲ. ಈಗ ಹೆಂಗಸಿಗೆ ಆಗ್ತದಾ ಅಂತ ಕೇಳ್ತಾರೆ!”

ನನ್ನ ಎದುರು ಅಧಿಕಾರಿ. ಅವರ ಪಕ್ಕದಲ್ಲಿ, ಎಲ್ಲವನ್ನೂ ಬರೆದುಕೊಳ್ಳಲು ಪೆನ್ನು ಹಿಡಿದ ಪಂಚಾಯತಿನ ಪಿಡಿಒ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಸರ್, ದಿವಂಗತ ಸಂಜೀವ ಅವರ ಪತ್ನಿಯಾದ ಇವರು, ಪತಿಯ ಕೆಲಸದಲ್ಲಿ ತಾವೂ ಆಸಕ್ತಿ ಹೊಂದಿದ್ದಾಗಿ ತಿಳಿಸುತ್ತಿದ್ದಾರೆ.”

ಸಭೆಯಲ್ಲಿ ಗುಸುಗುಸು, ಆಮೇಲೆ ನಗು. ಬೇಬಕ್ಕ ನನ್ನ ಕಡೆ ತಿರುಗಿದರು. “ಆಸಕ್ತಿಯಾ? ಟೀಚರೇ, ನಾನು ಇಲ್ಲಿಗೆ ಹಾಡು ಕಲಿಲಿಕ್ಕೆ ಬಂದದ್ದಾ?”

ಮತ್ತೆ ತುಳುವಿನಲ್ಲಿ: “ಜ್ವರ ಬಂದ ದಿನವೂ ಆ ಕೋಟು ಹಾಕಿಕೊಂಡು ಹೋದವಳು ನಾನು. ಈ ಅಧ್ಯಕ್ಷರೇ ದಾರಿಯಲ್ಲಿ ಸಿಕ್ಕಿ, ಸಂಜೀವಣ್ಣ ಮೈ ಹುಷಾರಿಲ್ವಾ ಅಂತ ಕೇಳಿದ್ದು. ಕೇಳಿ ಅವರ ಹತ್ತಿರ.”

“ಅಧ್ಯಕ್ಷರು ನೀಡಿದ ಪ್ರೋತ್ಸಾಹವನ್ನು ಇವರು ಸ್ಮರಿಸುತ್ತಿದ್ದಾರೆ ಸರ್.”

ಈ ಬಾರಿ ನಗು ತಡೆಯಲು ಯಾರೂ ಪ್ರಯತ್ನಿಸಲಿಲ್ಲ. ಅಧ್ಯಕ್ಷರು ಮೇಜಿನ ಮೇಲಿನ ಹೂದಾನಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಬೇಬಕ್ಕ ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಕಿತ್ತುಕೊಂಡರು ಎಂದು ಊರವರು ಹೇಳುತ್ತಾರೆ. ನನ್ನ ನೆನಪಿನಲ್ಲಿ ಮೆಲ್ಲಗೆ ತೆಗೆದುಕೊಂಡದ್ದು. ಆಮೇಲೆ ಅವರು ಮಾತನಾಡಿದ್ದು ಕನ್ನಡದಲ್ಲಿ.

“ಸರ್, ಈ ಟೀಚರ್ ಒಳ್ಳೆಯವರು. ಸುಳ್ಳು ಹೇಳಿ ಅಭ್ಯಾಸ ಇಲ್ಲ, ಹಾಗಾಗಿ ಚಂದ ಬರುದಿಲ್ಲ. ನಾನೇ ಹೇಳ್ತೇನೆ. ಗಂಡ ಮಲಗಿದ ಮೇಲೆ ನೀರು ಬಿಟ್ಟದ್ದು ನಾನು. ಅವರ ಕೋಟು ಹಾಕಿದ್ದು ನಾನು. ಊರಿನವರು ಸಂಜೀವಣ್ಣ ಅಂತ ಕರೆದರು, ನಾನು ಓ ಅಂದೆ. ಇನ್ನು ಹಾಗೆ ಓ ಅನ್ಲಿಕ್ಕೆ ನನ್ನಿಂದ ಆಗುದಿಲ್ಲ. ಕೆಲಸ ಕೊಡುದಿದ್ದರೆ ಬೇಬಿಗೆ ಕೊಡಿ.”

ಈ ಮಾತುಗಳ ಬಗ್ಗೆ ನನಗೆ ಅನುಮಾನವಿದೆ. ಇಷ್ಟು ಚೊಕ್ಕವಾಗಿ ಯಾರೂ ಮಾತನಾಡುವುದಿಲ್ಲ. ಎಷ್ಟೋ ವರ್ಷ ಸ್ಟಾಫ್ ರೂಮಿನ ಚಹಾದ ಹೊತ್ತಿಗೆ ಈ ಕಥೆಯನ್ನು ಹೇಳಿ ಹೇಳಿ ನಾನೇ ಅದರ ಮೂಲೆಗಳನ್ನು ಉಜ್ಜಿರಬೇಕು. ಕೊನೆಯ ವಾಕ್ಯ ಮಾತ್ರ ಅವರದೇ. ಹೇಳಬಾರದ್ದನ್ನು ಅವರು ಹೇಳಿಬಿಟ್ಟಿದ್ದರು, ಅದೂ ಕನ್ನಡದಲ್ಲಿ. ಪಿಡಿಒ ಕೈಯ ಪೆನ್ನು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತ್ತು.

ಅಧಿಕಾರಿ ತಮ್ಮೆದುರಿನ ಮೈಕನ್ನು ಬೆರಳಿನಿಂದ ಬಡಿದರು. ಬೇಬಕ್ಕನ ಕಡೆ ನೋಡಿದರು.

“ಏನಮ್ಮ, ಏನೋ ಹೇಳಿದ್ರಿ. ಮೈಕ್ ಹೋಗಿತ್ತು ಕಣಮ್ಮ, ಒಂದೂ ಸರಿಯಾಗಿ ಕೇಳಿಸಲಿಲ್ಲ. ಕೆಲಸ ಬೇಬಿಗೆ ಕೊಡಿ ಅಂದ್ರಲ್ಲ, ಅದೊಂದು ಕೇಳಿಸ್ತು. ಬೇಬಿ ಅಂದ್ರೆ ನೀವೇನಾ?”

“ಹೌದು ಸರ್.”

“ಕೆಲಸ ಮಾಡ್ತೀರಾ?”

ಬೇಬಕ್ಕ ಉತ್ತರಿಸುವ ಮೊದಲೇ ಹಿಂದಿನಿಂದ ಇನ್ನೊಂದು ಧ್ವನಿ ಎದ್ದಿತು. ಮೈಕ್ ಇಲ್ಲದೆಯೇ ಸಭಾಂಗಣ ತುಂಬುವ ಧ್ವನಿ. ಲಿಲ್ಲಿ ಬಾಯಿ. “ನನಗೆ ಇವಳ ಬಾಯಿ ಬೇಡ ಸರ್, ನೀರು ಬೇಕು. ಈ ತಿಂಗಳು ಇಡೀ ನಾನು ಕೊಡ ಹಿಡಿದುಕೊಂಡು ಕೆಳಗೆ ಇಳಿದು ಹತ್ತಿದ್ದೇನೆ. ನೀರನ್ನು ನನ್ನ ಮನೆವರೆಗೆ ಹತ್ತಿಸ್ಲಿಕ್ಕೆ ಬರುದು ಇವಳಿಗೆ ಮಾತ್ರ. ಬರೀರಿ ಇವಳ ಹೆಸರು.”

ಕೈ ಎತ್ತಿ ಎಂದರು ಅಧಿಕಾರಿ. ಮೊದಲು ಮೇಲಿನ ಮನೆಗಳ ಕೈಗಳು, ಆಮೇಲೆ ನಡುವಿನವು. ಬೈಕು ತೊಳೆಯುವವರು ಕೊನೆಗೆ ಅರ್ಧ ಎತ್ತಿದರು. ಐಟಿಐ ಯುವಕನ ತಾಯಿಯೂ ಕೈ ಎತ್ತಿದರು. ಅವರ ಮನೆಯೂ ಗುಡ್ಡದ ಮೇಲೆಯೇ ಇತ್ತು. ಹೀಗೆ ಬೇಬಕ್ಕ ನಮ್ಮ ಊರಿನ ನೀರು ಬಿಡುವವರಾದರು, ತಮ್ಮ ಸ್ವಂತ ಹೆಸರಿನಲ್ಲಿ.

ಇಷ್ಟು ವರ್ಷ ನನಗೆ ಪ್ರಿಯವಾಗಿದ್ದದ್ದು ಈ ಕಥೆಯ ಅಧಿಕಾರಿ. ಒಂದೇ ಕ್ಷಣದಲ್ಲಿ ಊರಿನ ಪದ್ಧತಿಯನ್ನು ಅರ್ಥಮಾಡಿಕೊಂಡು, ಮೈಕ್ ಹಾಳಾಗಿದೆ ಎಂದು ನಟಿಸಿ, ನಮ್ಮಲ್ಲಿ ಒಬ್ಬರಾದ ಹೊರಗಿನವರು. ಆದರೆ ಕೆಲವು ವರ್ಷದ ಹಿಂದೆ ಲಿಲ್ಲಿ ಬಾಯಿಯ ಹತ್ತಿರ ಇದನ್ನು ಹೇಳಿದಾಗ ಅವರು ಸೊಪ್ಪು ಬಿಡಿಸುತ್ತಾ, “ಎಂತದ್ದು ನಟನೆ? ಆ ದಿನ ಕರೆಂಟೇ ಇರ್ಲಿಲ್ಲ. ನಾನು ಸುಮ್ಮನೆ ಅಷ್ಟು ಬೊಬ್ಬೆ ಹೊಡೆದದ್ದಾ?” ಎಂದುಬಿಟ್ಟರು. ನನಗೆ ಫ್ಯಾನಿನ ಸದ್ದು ನೆನಪಿದೆ. ಅವರಿಗೆ ಸೆಕೆ ನೆನಪಿದೆ. ಕರೆಂಟು ಇದ್ದರೆ ಅಧಿಕಾರಿ ದೊಡ್ಡ ಮನುಷ್ಯ. ಇಲ್ಲದಿದ್ದರೆ ಅವರಿಗೆ ನಿಜವಾಗಿಯೂ ಕೇಳಿಸಿಲ್ಲ, ನಾನು ಇಷ್ಟು ವರ್ಷ ಮೆಚ್ಚಿದ್ದು ವಿದ್ಯುತ್ ಇಲಾಖೆಯನ್ನು.

ರೈನ್‌ಕೋಟು ನನ್ನನ್ನು ನೋಡಿದ ಆ ಮಧ್ಯಾಹ್ನ ಇದೇ ಹುಳ ತಲೆಗೆ ಹೊಕ್ಕಿತು. ಮನೆಗೆ ಹೋಗುವ ಬದಲು ಕಾಪುವಿನ ಬಸ್ಸು ಹತ್ತಿದೆ. ಬೇಬಕ್ಕ ಈಗ ನಿವೃತ್ತರು, ಮೊಣಕಾಲು ನೋವು. ಜಗಲಿಯಲ್ಲಿ ಕುಳಿತು ಬೀಡಿ ಎಲೆ ಕತ್ತರಿಸುತ್ತಿದ್ದರು. ಅವರ ನಂತರ ಬಂದ ಶರ್ಮಿಳಾ ಎಂಬ ಹುಡುಗಿ ಸ್ಕೂಟರಿನಲ್ಲಿ ಹೋಗಿ ವಾಲ್ವ್ ತಿರುಗಿಸುತ್ತಾಳಂತೆ. ನೀರು ಬಿಟ್ಟದ್ದನ್ನು ವಾಟ್ಸಾಪಿನಲ್ಲಿ ಹಾಕುತ್ತಾಳಂತೆ. “ಜನ ಅದಕ್ಕೆ ಕೈಮುಗಿಯುವ ಚಿತ್ರ ಕಳಿಸ್ತಾರೆ ಟೀಚರೇ. ನನಗೆ ಒಬ್ಬರಾದ್ರೂ ಕೈಮುಗಿದದ್ದುಂಟಾ?”

ನಾನು ನೇರವಾಗಿ ಕೇಳಿದೆ. ಆ ದಿನ ಮೈಕ್ ಸರಿಯಿತ್ತಾ, ಇಲ್ಲವಾ?

ಬೇಬಕ್ಕ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದರು. “ಇದನ್ನು ಕೇಳ್ಲಿಕ್ಕೆ ಉಡುಪಿಯಿಂದ ಬಂದದ್ದಾ? ನನಗೆ ಎಂತ ಗೊತ್ತು ಮಾರಾಯ್ತಿ? ನಾನು ಎಂತ ಹೇಳಿದೆ ಅಂತಲೇ ನೆನಪಿಲ್ಲ. ನೀವು ಹೇಳಿದ ಹಾಗೆಲ್ಲ ನಾನು ಹೇಳಿದ್ದರೆ ಒಳ್ಳೆದಾಯ್ತು.”

“ಹಾಗಾದರೆ ನಿಮಗೆ ನೆನಪಿರುವುದು ಏನು?”

ಅವರು ಇನ್ನೊಂದು ಎಲೆ ಎತ್ತಿಕೊಂಡರು. “ಮರುದಿನ ಬೆಳಗ್ಗೆ. ಟೊಪ್ಪಿ ಇಲ್ಲ, ಖಾಕಿ ಶರ್ಟು ಇಲ್ಲ, ಸೀರೆಯಲ್ಲೇ ಹೋದೆ. ನೀರು ಬಿಟ್ಟು ಗುಡ್ಡ ಹತ್ತುತ್ತಾ ಬಂದರೆ ಒಬ್ಬರೂ ಮಾತಾಡುದಿಲ್ಲ. ಗೇಟಿನ ಹತ್ತಿರ ನಿಂತು ನೋಡ್ತಾರೆ. ನೀವೂ ನಿಂತಿದ್ರಿ. ಎಂತ ಅಂತ ಕರೀಬೇಕು ಅಂತ ಯಾರಿಗೂ ಗೊತ್ತಾಗುದಿಲ್ಲ. ನನಗೆ ಹೆದರಿಕೆ ಆಯ್ತು. ಇವರಿಗೆಲ್ಲ ಸಂಜೀವಣ್ಣನೇ ಬೇಕಿತ್ತೋ ಏನೋ ಅಂತ. ತುದಿಯವರೆಗೆ ಹಾಗೆಯೇ ಹತ್ತಿದೆ. ಅಲ್ಲಿ ಲಿಲ್ಲಿ, ಸೊಂಟಕ್ಕೆ ಕೊಡ ಇಟ್ಟುಕೊಂಡು, ಬೇಬೀ, ಇದೆಂತ ನೀರು, ನೂಲಿನ ಹಾಗೆ ಬರ್ತದೆ, ನಿನಗೆ ಕೆಲಸ ಕೊಡಿಸಿದ್ದು ಇದಕ್ಕಾ ಅಂತ ಬೊಬ್ಬೆ ಹಾಕಿದಳು.” ಬೇಬಕ್ಕ ನಗುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. “ಅಷ್ಟು ಚಂದದ ಬೈಗುಳ ನಾನು ಅದಕ್ಕಿಂತ ಮೊದಲು ತಿಂದಿರ್ಲಿಲ್ಲ.”

ಆ ಬೆಳಗ್ಗೆ ನಾನು ಗೇಟಿನಲ್ಲಿ ನಿಂತದ್ದು ನನಗೆ ನೆನಪೇ ಇಲ್ಲ. ನನ್ನ ಕಥೆ ಸಭಾಂಗಣದಲ್ಲಿ, ಕೈಗಳು ಮೇಲೇರಿದಲ್ಲಿ ಮುಗಿದುಹೋಗಿತ್ತು. ಅವರ ಕಥೆ ಮರುದಿನ ಶುರುವಾಗಿತ್ತು. ಮೈಕಿನ ವಿಷಯ ಮತ್ತೆ ಕೇಳಲಿಲ್ಲ. ಅವರು ಚಹಾ ಮಾಡಿದರು. ಕುಡಿದು ಬಂದೆ.

ಉಡುಪಿಯ ಬನ್ನಂಜೆಯಲ್ಲಿ ನಮ್ಮ ಫ್ಲಾಟಿನ ಗೇಟಿಗೆ ಬಂದಾಗ ಇನ್ನೂ ಬೆಳಕಿತ್ತು. ಕಾವಲಿನವನು ಪಂಪಿನ ಕೋಣೆಯಿಂದ ಹೊರಗೆ ಬರುತ್ತಿದ್ದ. ಅಂಗಿಯ ಜೇಬಿನ ಮೇಲೆ ದಾರದಲ್ಲಿ ಹೊಲಿದ ‘ರಮೇಶ್’ ಎಂಬ ಹೆಸರು. ನಾನು ದಿನಾ ರಮೇಶ್ ಎಂದೇ ಕರೆಯುವುದು, ಅವನು ದಿನಾ ಓಗೊಡುವುದು. ಅವತ್ತು ಬಾಯಿಗೆ ಬಂದ ಹೆಸರನ್ನು ಹಿಡಿದು ನಿಲ್ಲಿಸಿ ಕೇಳಿದೆ: “ನಿನ್ನ ಹೆಸರೇನಪ್ಪ?”

ಅವನು ಅಂಗಿಯ ಕಡೆ ನೋಡಿಕೊಂಡ. ಆಮೇಲೆ ನನ್ನ ಕಡೆ. “ಇದು ಮೊದ್ಲಿನಾಂವನ ಅಂಗಿರೀ. ನಾ ಮಲ್ಲಪ್ಪ, ಕೊಪ್ಪಳದಾಂವ.” ಪಂಪಿನ ಕೋಣೆಯ ಕಡೆ ತಿರುಗಿ ನೋಡಿ, “ಯಾಕ್ರೀ ಮೇಡಂ, ನೀರ ಬಂದಿಲ್ಲೇನು?”

“ಬಂದಿದೆ ಮಲ್ಲಪ್ಪ,” ಎಂದೆ.